ಓಟದ ಪುಸ್ತಕಗಳಲ್ಲಿ ಇಲ್ಲದ ಮಂಡಿ

ಓಟದ ಪುಸ್ತಕಗಳನ್ನು ಕಾಲು ಗಟ್ಟಿಯಿರುವಾಗ ಓದುವುದು ಬೇರೆ, ಮಂಡಿ ಕೈಕೊಟ್ಟಿರುವಾಗ ಓದುವುದು ಬೇರೆ. ಮೊದಲ ಸಲ ಓದಿದಾಗ ನಮ್ಮನ್ನು ಹೊತ್ತುಕೊಂಡು ಹೋದ ವಾಕ್ಯಗಳೇ ಎರಡನೆಯ ಸಲ ಕಿರಿಕಿರಿ ಹುಟ್ಟಿಸುತ್ತವೆ. ಕಳೆದ ಎರಡೂವರೆ ತಿಂಗಳಿಂದ ನಾನು ಈ ಎರಡನೆಯ ಜಾತಿಯ ಓದುಗ. ಜನವರಿಯಲ್ಲಿ ನಡೆಯುವ ಚೆನ್ನೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ, ಪೂರ್ತಿ 42.195 ಕಿಲೋಮೀಟರಿಗೆ. ಎಡ ಮಂಡಿಯ ಹೊರಮಗ್ಗುಲಲ್ಲಿ ಒಂದು ನೋವಿದೆ. ಮೊದಲ ಹೆಜ್ಜೆಗೆ ಅದರ ಸುಳಿವೇ ಇರುವುದಿಲ್ಲ. ಏಳೆಂಟು ಕಿಲೋಮೀಟರು ಸುಮ್ಮನಿದ್ದು ಆಮೇಲೆ ಬರುತ್ತದೆ, ನಿಂತರೆ ಹೋಗುತ್ತದೆ, ಮೆಟ್ಟಿಲಿಳಿಯುವಾಗ ಮತ್ತೆ ಬಂದು ಮಾತಾಡಿಸುತ್ತದೆ. ಫಿಸಿಯೋ ಇದನ್ನು ಐಟಿ ಬ್ಯಾಂಡ್ ಸಿಂಡ್ರೋಮ್ ಎಂದರು. ಸೊಂಟದಿಂದ ಹೊರಟು ತೊಡೆಯ ಹೊರಬದಿಯಲ್ಲಿ ಇಳಿದು ಮಂಡಿಯ ಕೆಳಗೆ ಮೊಳಕಾಲಿನ ಎಲುಬಿಗೆ ಸೇರುವ ದಪ್ಪ ಪಟ್ಟಿಯ ತಕರಾರು. ಯಾರೂ ಸಾಯುವಂಥದ್ದಲ್ಲ. ಆದರೆ ಓಡಲೂ ಬಿಡುವುದಿಲ್ಲ, ಓಟ ಬಿಟ್ಟೆ ಎನ್ನಲೂ ಬಿಡುವುದಿಲ್ಲ.

ಇಂಥ ನೋವಿಗೆ ಸಾಹಿತ್ಯದಲ್ಲಿ ಜಾಗವಿದೆಯೇ ಎಂದು ಹುಡುಕಿದ ಫಲ ಈ ಬರಹ.

ಮ್ಯಾರಥಾನ್ ಹುಟ್ಟಿದ್ದೇ ಒಂದು ಕತೆಯಿಂದ. ಮ್ಯಾರಥಾನ್ ಬಯಲಿನಿಂದ ಅಥೆನ್ಸಿಗೆ ಗೆಲುವಿನ ಸುದ್ದಿ ಹೊತ್ತು ಓಡಿ, ಹೇಳಿದ ಕೂಡಲೇ ಪ್ರಾಣ ಬಿಟ್ಟ ದೂತನ ಕತೆ ಎಲ್ಲರಿಗೂ ಗೊತ್ತು. ಆ ಯುದ್ಧಕ್ಕೆ ಹತ್ತಿರದ ಕಾಲದವನಾದ ಹೆರೊಡೊಟಸ್ ಈ ಸಾವಿನ ಪ್ರಸಂಗವನ್ನು ಹೇಳುವುದಿಲ್ಲ. ಅವನು ಹೇಳುವುದು ನೆರವು ಕೇಳಲು ಸ್ಪಾರ್ಟಾಕ್ಕೆ ಓಡಿದವನ ಸಂಗತಿಯನ್ನು. ಸಾವಿನ ಪ್ರಸಂಗ ಶತಮಾನಗಳ ನಂತರದ ಬರಹಗಾರರದ್ದು. ಅದನ್ನು 1879ರಲ್ಲಿ ರಾಬರ್ಟ್ ಬ್ರೌನಿಂಗ್ ಕವಿತೆ ಮಾಡಿದ. ಹೀಗೆ ಜನಪ್ರಿಯವಾದ ಕತೆಯ ಬೆನ್ನು ಹಿಡಿದು ಮಿಶೆಲ್ ಬ್ರೆಯಾಲ್ ಎಂಬ ಫ್ರೆಂಚ್ ಭಾಷಾಪಂಡಿತ ಸೂಚಿಸಿದ್ದರಿಂದ 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಈ ಓಟ ಸೇರಿತು. ಅಂದರೆ ನಾವು ಬೆಳಗಿನ ನಾಲ್ಕಕ್ಕೆ ಎದ್ದು ಅಭ್ಯಾಸ ಮಾಡುವುದು ಒಂದು ಕಾವ್ಯಪ್ರಸಂಗವನ್ನು. ಆ ಪ್ರಸಂಗದಲ್ಲಿ ಓಟಗಾರ ಸಾಯಬಹುದು, ಕುಂಟುವಂತಿಲ್ಲ.

ನಮ್ಮಲ್ಲೂ ಬೇರೆಯಲ್ಲ. ಕನ್ನಡ ಕಾವ್ಯದ ಅತಿ ಪ್ರಸಿದ್ಧ ಕಾಲು ಯಾವುದು ಎಂದು ಕೇಳಿದರೆ ನಾನು ದುರ್ಯೋಧನನ ತೊಡೆ ಎನ್ನುತ್ತೇನೆ. 10ನೇ ಶತಮಾನದ ರನ್ನನ ಗದಾಯುದ್ಧ ಪೂರ್ತಿ ಆ ಒಂದು ಏಟಿನ ಕಡೆಗೇ ಹರಿಯುತ್ತದೆ. ಅಲ್ಲಿಯೂ ತೊಡೆ ಮುರಿಯುವುದು ಒಂದೇ ಸಲ, ಭಯಂಕರವಾಗಿ, ಎಲ್ಲರೆದುರು. ಮೂರು ವಾರ ನೋಯ್ದು, ನಾಲ್ಕನೇ ವಾರ ಸರಿಯಾಯಿತು ಅನ್ನಿಸಿ, ಐದನೇ ವಾರ ಮತ್ತೆ ಹಿಡಿದುಕೊಂಡ ತೊಡೆಯ ಬಗ್ಗೆ ಯಾವ ಕವಿ ತಾನೇ ಬರೆದಾನು?

ಹರುಕಿ ಮುರಕಾಮಿ ಬರೆಯಬಹುದಿತ್ತು. ಆತನ ‘ವಾಟ್ ಐ ಟಾಕ್ ಅಬೌಟ್ ವೆನ್ ಐ ಟಾಕ್ ಅಬೌಟ್ ರನ್ನಿಂಗ್’ ಜಪಾನಿಯಲ್ಲಿ 2007ರಲ್ಲಿ, ಫಿಲಿಪ್ ಗೇಬ್ರಿಯಲ್ ಅನುವಾದದಲ್ಲಿ ಇಂಗ್ಲಿಷಿಗೆ 2008ರಲ್ಲಿ ಬಂತು. ನಮ್ಮ ಆಫೀಸುಗಳಲ್ಲಿ ಓಡುವವರ ಮೇಜಿನ ಮೇಲೆ ಇರುವ ಒಂದೇ ಸಾಹಿತ್ಯಕೃತಿ ಬಹುಶಃ ಇದೇ. ನನಗೂ ಇಷ್ಟದ ಪುಸ್ತಕ, ಆದ್ದರಿಂದಲೇ ಜಗಳ. ಜಾಜ್ ಬಾರ್ ನಡೆಸುತ್ತಿದ್ದವನು ಅದನ್ನು ಮಾರಿ, ಬರೆಯಲು ಕೂತು, 1982ರಲ್ಲಿ 33ನೇ ವಯಸ್ಸಿನಲ್ಲಿ ಓಡಲು ಶುರು ಮಾಡಿದ. ಮರುವರ್ಷ ಜುಲೈ ಬಿಸಿಲಲ್ಲಿ ಅಥೆನ್ಸಿನಿಂದ ಮ್ಯಾರಥಾನ್‌ಗೆ ಒಬ್ಬನೇ ಓಡಿದ, ದಾರಿಯ ಪಕ್ಕ ವಾಹನಕ್ಕೆ ಸಿಕ್ಕಿ ಸತ್ತ ನಾಯಿ ಬೆಕ್ಕುಗಳನ್ನು ಎಣಿಸುತ್ತ. ಆ ಎಣಿಕೆ ಇಡೀ ಪುಸ್ತಕದ ಉತ್ತಮ ಭಾಗಗಳಲ್ಲಿ ಒಂದು. ಸುಸ್ತಾದವನ ಕಣ್ಣು ಏನನ್ನು ನೋಡುತ್ತದೆ ಎಂಬುದನ್ನು ಉಪದೇಶವಿಲ್ಲದೆ ಹೇಳುತ್ತದೆ.

ತೊಂದರೆ ಇರುವುದು ಜನ ಅಂಗಿಯ ಮೇಲೆ ಅಚ್ಚು ಹಾಕಿಸಿಕೊಳ್ಳುವ ಮಾತಿನಲ್ಲಿ. ನೋವು ತಪ್ಪದು, ಅದನ್ನು ಸಂಕಟ ಮಾಡಿಕೊಳ್ಳುವುದು ಬಿಡುವುದು ನಮ್ಮ ಕೈಯಲ್ಲಿದೆ ಎಂಬರ್ಥದ ಮಾತು ಅದು. ಮುರಕಾಮಿ ಅದನ್ನು ತನ್ನದೆಂದು ಹೇಳಿಕೊಂಡಿಲ್ಲ. ಬೇರೆ ಓಟಗಾರನೊಬ್ಬನ ಮಂತ್ರವಾಗಿ ಪತ್ರಿಕೆಯಲ್ಲಿ ಓದಿದ್ದು ಎಂದೇ ಹೇಳುತ್ತಾನೆ. ಈ ಮಾತು ದಣಿವಿಗೆ ಸರಿ. 30 ಕಿಲೋಮೀಟರು ದಾಟಿದ ಮೇಲೆ ಮೈಯೆಲ್ಲ ಬೇಡ ಎನ್ನುವಾಗ, ಆ ಬೇಡವನ್ನು ಕೇಳಿಸಿಕೊಳ್ಳದಿರುವುದೇ ಓಟ. ಆದರೆ ಪೆಟ್ಟಿನ ನೋವು ದಣಿವಲ್ಲ, ಸುದ್ದಿ. ದಣಿವು ಇಡೀ ಮೈಗೆ ಹರಡುತ್ತದೆ. ಪೆಟ್ಟು ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿ ಕೂತಿರುತ್ತದೆ. ಎರಡಕ್ಕೂ ಒಂದೇ ಪದ ಹಾಕಿದಾಗ, ಸುದ್ದಿ ತಂದವನ ಬಾಯಿ ಮುಚ್ಚಿಸಿದ್ದನ್ನು ನಾವು ಮನೋಬಲ ಎಂದು ಕರೆದುಬಿಡುತ್ತೇವೆ. 1996ರಲ್ಲಿ ಹೊಕ್ಕೈದೊದ ಸರೋಮ ಸರೋವರದ ಸುತ್ತ 100 ಕಿಲೋಮೀಟರ್ ಓಡಿದಾಗ ಮುರಕಾಮಿ ಮಾಡಿದ್ದು ಬಹುಮಟ್ಟಿಗೆ ಇದನ್ನೇ: ನಾನು ಮನುಷ್ಯನಲ್ಲ, ಯಂತ್ರ ಎಂದು ತನಗೆ ತಾನೇ ಹೇಳಿಕೊಂಡ. 11 ಗಂಟೆ 42 ನಿಮಿಷದಲ್ಲಿ ಮುಗಿಸಿದ. ಆಮೇಲೆ ಬಹಳ ಕಾಲ ಓಟದ ಮೇಲಿನ ಆಸೆಯೇ ಬತ್ತಿಹೋಯಿತು ಎಂದು ಪ್ರಾಮಾಣಿಕವಾಗಿ ಬರೆದಿದ್ದಾನೆ. ಮಂತ್ರವನ್ನು ನೆನಪಿಟ್ಟುಕೊಂಡವರು ಈ ಬತ್ತುವಿಕೆಯ ಪುಟಗಳನ್ನು ಮರೆಯುತ್ತಾರೆ.

ಅದೇ ಪುಸ್ತಕದಲ್ಲಿ ಸ್ನಾಯುಗಳನ್ನು ದುಡಿಯುವ ಜಾನುವಾರುಗಳಿಗೆ ಹೋಲಿಸುವ ಒಂದು ಕಡೆ ಇದೆ. ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸಿದರೆ ಕಲಿಯುತ್ತವೆ ಎಂಬುದು ತಾತ್ಪರ್ಯ. ಯಂತ್ರದ ಹೋಲಿಕೆಗಿಂತ ಇದು ಎಷ್ಟೋ ಮೇಲು, ಆದರೆ ಅರ್ಧಕ್ಕೆ ನಿಲ್ಲುತ್ತದೆ. ಎತ್ತು ಕಟ್ಟಿದ ಮನೆಯಿಂದ ಬಂದವರಿಗೆ ಉಳಿದರ್ಧ ಗೊತ್ತು. ಹೆಗಲು ಹುಣ್ಣಾದ ಎತ್ತಿಗೆ ನೊಗ ಹೂಡುವುದಿಲ್ಲ. ಕಾಲೆಳೆಯುವ ಎತ್ತಿನ ಗೊರಸನ್ನು ಎತ್ತಿ ನೋಡುತ್ತಾರೆ, ಲಾಳದ ಮೊಳೆ ಚುಚ್ಚಿದೆಯೇ, ಕಲ್ಲು ಸಿಕ್ಕಿದೆಯೇ ಎಂದು. ಅದರ ಮನೋಬಲ ಕಮ್ಮಿಯಾಗಿದೆ ಎಂದು ಯಾರೂ ಭಾವಿಸುವುದಿಲ್ಲ. ಎತ್ತಿಗೆ ತೋರಿಸುವ ಈ ಸಾಮಾನ್ಯ ವಿವೇಕವನ್ನು ನಮ್ಮ ಮಂಡಿಗೆ ತೋರಿಸಲು 2,000 ರೂಪಾಯಿಯ ಗಡಿಯಾರ ಅಪ್ಪಣೆ ಕೊಡಬೇಕೆಂದು ಕಾಯುತ್ತೇವೆ.

ಪೆಟ್ಟಿನಿಂದಲೇ ಶುರುವಾಗುವ ಪುಸ್ತಕವೂ ಇದೆ. ಕ್ರಿಸ್ಟೊಫರ್ ಮೆಕ್‌ಡೂಗಲ್‌ನ ‘ಬಾರ್ನ್ ಟು ರನ್’, 2009ರದ್ದು. ನನ್ನ ಪಾದ ಯಾಕೆ ನೋಯುತ್ತದೆ ಎಂಬ ಪ್ರಶ್ನೆ ಹಿಡಿದು ಆತ ಮೆಕ್ಸಿಕೊದ ಕಾಪರ್ ಕ್ಯಾನಿಯನ್‌ನ ತರಹುಮಾರ ಜನರತ್ತ ಹೋಗುತ್ತಾನೆ, ತೆಳು ಚಪ್ಪಲಿಯಲ್ಲಿ ಬೆಟ್ಟಗಳನ್ನು ಓಡಿ ದಾಟುವವರ ಹತ್ತಿರ. ಕತೆ ಹೇಳುವ ಕಸುಬು ಬಲ್ಲವನು, ಪುಸ್ತಕ ಕೆಳಗಿಡಲು ಆಗುವುದಿಲ್ಲ. ಆದರೆ ಕೆಲವೇ ಅಧ್ಯಾಯಗಳಲ್ಲಿ ಆ ಪಾದ ಮಾಯವಾಗುತ್ತದೆ. ಅದರ ಜಾಗದಲ್ಲಿ ಬರುವುದು ಮನುಷ್ಯಕುಲದ ಪುರಾಣ: ನಾವು ಓಡಲೆಂದೇ ಹುಟ್ಟಿದವರು, ಕೆಡಿಸಿದ್ದು ಬೂಟು. ಈ ಪುರಾಣಕ್ಕೆ ಗಂಭೀರ ವಿಜ್ಞಾನದ ಆಸರೆಯೂ ಇತ್ತು. ಬ್ರ್ಯಾಂಬಲ್ ಮತ್ತು ಲೀಬರ್ಮನ್ 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ದೂರದ ಓಟವನ್ನು ಮನುಷ್ಯನ ವಿಕಾಸಕ್ಕೆ ಜೋಡಿಸಿದ್ದರು. 2010ರಲ್ಲಿ ಲೀಬರ್ಮನ್ ತಂಡ ಅದೇ ಪತ್ರಿಕೆಯಲ್ಲಿ ಬರಿಗಾಲಲ್ಲಿ ಓಡಿ ರೂಢಿಯಿರುವವರು ಹಿಮ್ಮಡಿಗಿಂತ ಮುಂಗಾಲನ್ನು ಮೊದಲು ಊರುವುದು ಹೆಚ್ಚು ಎಂದು ತೋರಿಸಿತು. ಅದರಿಂದ ಪೆಟ್ಟು ಕಮ್ಮಿಯಾಗುತ್ತದೆ ಎಂದು ಆ ಪ್ರಬಂಧ ಸಾಧಿಸಿರಲಿಲ್ಲ. ಓದುಗರು ಮಾತ್ರ ಹಾಗೆಂದೇ ಓದಿಕೊಂಡರು. ಐದು ಬೆರಳಿನ ಕಾಲುಚೀಲದಂಥ ಬೂಟು ಮಾರುತ್ತಿದ್ದ ವೈಬ್ರಾಮ್ ಕಂಪನಿ, ಆರೋಗ್ಯದ ಬಗ್ಗೆ ಆಧಾರವಿಲ್ಲದ ಮಾತು ಹೇಳಿತೆಂಬ ಮೊಕದ್ದಮೆಯನ್ನು 2014ರಲ್ಲಿ, ತಪ್ಪು ಒಪ್ಪಿಕೊಳ್ಳದೆಯೇ, 37.5 ಲಕ್ಷ ಡಾಲರಿಗೆ ಇತ್ಯರ್ಥ ಮಾಡಿಕೊಂಡಿತು. ಒಂದು ನೋಯುವ ಪಾದ ಪುರಾಣವಾಗಿ, ಪುರಾಣ ಸರಕಾಗಿ, ಸರಕು ಕೋರ್ಟಿಗೆ ಹೋಗಲು ಐದು ವರ್ಷ ಸಾಕಾಯಿತು. ಪುಸ್ತಕ ಮುಗಿಯುವುದು 50 ಮೈಲಿಯ ಓಟದಿಂದ, ಮತ್ತೇನು.

ಕತೆ ಕಟ್ಟುವುದು ಸಾಹಿತಿಗಳ ಚಾಳಿ ಮಾತ್ರವಲ್ಲ. ನನ್ನ ಮಂಡಿಯ ಕಾಯಿಲೆಗೆ ವೈದ್ಯಶಾಸ್ತ್ರ ಬಹುಕಾಲ ಹೇಳುತ್ತಿದ್ದ ಕತೆ ಉಜ್ಜುವಿಕೆಯದ್ದು. ಮಂಡಿ ಮಡಚಿ ಬಿಚ್ಚುವಾಗ ಪಟ್ಟಿ ಎಲುಬಿನ ಗುಬುಟಿನ ಮೇಲೆ ಹಿಂದೆ ಮುಂದೆ ಜಾರುತ್ತದೆ, ಬಾವಿಯ ಕಟ್ಟೆಗೆ ಹಗ್ಗ ಉಜ್ಜಿದಂತೆ. ಯಾರಿಗೂ ಥಟ್ಟನೆ ಅರ್ಥವಾಗುವ ಚಿತ್ರ. 2006ರಲ್ಲಿ ಫೇರ್‌ಕ್ಲಫ್ ಮತ್ತು ಜೊತೆಗಾರರು ಅಂಗರಚನೆಯನ್ನು ಮತ್ತೆ ನೋಡಿ, ಪಟ್ಟಿ ಎಲುಬಿಗೆ ನಾರುಗಳಿಂದ ಬಿಗಿದುಕೊಂಡಿದೆ, ಅದು ಹಾಗೆ ಜಾರುವಂತಿಲ್ಲ, ಕೆಳಗಿರುವ ನರಗಳಿಂದ ತುಂಬಿದ ಕೊಬ್ಬಿನ ಪದರ ಒತ್ತಿಗೆ ಸಿಕ್ಕಿ ನೋಯುತ್ತಿರಬೇಕು ಎಂದರು. ಹೋಲಿಕೆ ಬದಲಾದರೆ ಮದ್ದೂ ಬದಲಾಗುತ್ತದೆ. ಹಗ್ಗ ಬಿಗಿಯಾಗಿದ್ದರೆ ಎಳೆದು ಸಡಿಲಿಸಬೇಕು. ಒತ್ತಡ ಬೀಳುತ್ತಿದ್ದರೆ ಭಾರ ಇಳಿಸಬೇಕು, ಸೊಂಟ ಗಟ್ಟಿ ಮಾಡಬೇಕು. ಇಷ್ಟಾದರೂ ಬೀಚಿನಲ್ಲಿ ಸಿಗುವ ಪ್ರತಿಯೊಬ್ಬ ಹಿತೈಷಿಯೂ ತೊಡೆಯ ಕೆಳಗೆ ಫೋಮ್ ರೋಲರ್ ಇಟ್ಟು ಹೊರಳು ಎನ್ನುತ್ತಾನೆ. ಒಳ್ಳೆಯ ಉಪಮೆ ಬೇಗ ಸಾಯುವುದಿಲ್ಲ.

ಚೆನ್ನೈ ಸಪಾಟಾದ ಊರು. ಏರು ಇಳಿತ ಬೇಕೆಂದರೆ ಮೇಲ್ಸೇತುವೆಗಳೇ ನಮ್ಮ ಬೆಟ್ಟ, ಅವುಗಳ ಇಳಿಜಾರಿನಲ್ಲೇ ನನ್ನ ನೋವು ಮೊದಲು ಎಚ್ಚರಗೊಳ್ಳುವುದು. ಜನವರಿಯ ಓಟಕ್ಕೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ತಯಾರಿ, ಈ ಊರಿನ ಮಳೆಗಾಲವೂ ಅದೇ. ನೀರು ನಿಂತಾಗ ಎಲ್ಲರೂ ರಸ್ತೆಯ ನಡುವಿಗೆ ಬರುತ್ತಾರೆ, ಬಸ್ಸು ಬಂದಾಗ ಅಂಚಿಗೆ ಸರಿಯುತ್ತಾರೆ. ಅಂಚು ಓರೆಯಾಗಿರುತ್ತದೆ, ಒಂದು ಕಾಲು ಸದಾ ತಗ್ಗಿನಲ್ಲಿ. ಆದರೂ ಓಡದೆ ಇರಲಾಗದ್ದಕ್ಕೆ ಕಾರಣವಿದೆ. ಓಎಂಆರ್‌ನ ಗಾಜಿನ ಕಟ್ಟಡದಲ್ಲಿ ದುಡಿಯುವವನಿಗೆ ಈ ಊರು ಊರಾಗಿದ್ದು ಬೆಳಗಿನ ಐದು ಗಂಟೆಯಲ್ಲಿ. ಮೀನಿನ ಬುಟ್ಟಿ ಇಳಿಸುವವರು, ಮಾರ್ಗಳಿಯ ಕೋಲ ಹಾಕುವವರು, ಲೈಟ್‌ಹೌಸಿನ ಬಳಿ ಯೋಗ ಮಾಡುವ ಹಿರಿಯರು ಎಲ್ಲ ಕಂಡಿದ್ದು ಓಡುವಾಗಲೇ. ಮಂಡಿ ನಿಂತರೆ ಊರು ಮತ್ತೆ ಬಾಡಿಗೆ ಕರಾರಿನ ವಿಳಾಸವಾಗುತ್ತದೆ. ಬೆಂಗಳೂರು ಬಿಟ್ಟು ಬೇರೆ ಊರುಗಳಲ್ಲಿ ಓಡುವ ನಿಮ್ಮಲ್ಲಿ ಹಲವರಿಗೆ ಇದನ್ನು ವಿವರಿಸಬೇಕಿಲ್ಲ.

ಕನ್ನಡ ಕಾದಂಬರಿಯಲ್ಲಿ ನಡೆಯುವವರಿಗೆ ಬರವಿಲ್ಲ. 1967ರ ‘ಮಲೆಗಳಲ್ಲಿ ಮದುಮಗಳು’ ಅರ್ಧಕ್ಕರ್ಧ ಕಾಲುದಾರಿಯಲ್ಲೇ ನಡೆಯುತ್ತದೆ. ಆದರೆ ನಾಯಿಗುತ್ತಿ ಹುಲಿಯನನ್ನು ಕರೆದುಕೊಂಡು ನಡೆಯುವುದು ಒಡೆಯರ ಕೆಲಸಕ್ಕೆ, ಇಲ್ಲವೇ ತಿಮ್ಮಿಗಾಗಿ. ನಡೆಯುವ ಸಲುವಾಗಿಯೇ ನಡೆಯುವ ಐಷಾರಾಮು ಅವನಿಗಿಲ್ಲ. ದುಡಿಯುವ ಕಾಲು ಕೆಟ್ಟರೆ ಕೂಲಿ ಹೋಗುತ್ತದೆ, ನನ್ನದು ಕೆಟ್ಟರೆ ಒಂದು ಪದಕ ಹೋಗುತ್ತದೆ. ಈ ಅಂತರವನ್ನು ಮರೆತ ಓಟದ ಬರಹ ಬೇಗ ಸ್ವಮರುಕಕ್ಕೆ ಬೀಳುತ್ತದೆ. ಮುರಕಾಮಿ ಬೀಳುವುದಿಲ್ಲ, ಅದು ಆತನ ದೊಡ್ಡ ಗುಣ.

ನಿಲ್ಲುವುದನ್ನು ಬರೆದ ಒಬ್ಬನೇ ಒಬ್ಬ ನನಗೆ ಸಿಕ್ಕಿದ್ದು ಅಲನ್ ಸಿಲಿಟೊ. ‘ದ ಲೋನ್ಲಿನೆಸ್ ಆಫ್ ದ ಲಾಂಗ್ ಡಿಸ್ಟೆನ್ಸ್ ರನ್ನರ್’, 1959. ಬಾಲಾಪರಾಧಿಗಳ ಶಾಲೆಯ ಸ್ಮಿತ್ ಎಲ್ಲರಿಗಿಂತ ಮುಂದಿದ್ದರೂ ಗೆರೆಯ ಮುಂದೆ ಬೇಕೆಂದೇ ನಿಂತು ಅಧಿಕಾರಿಗೆ ಕಪ್ ತಪ್ಪಿಸುತ್ತಾನೆ. ಅದ್ಭುತ ಕತೆ, ಆದರೆ ಅಲ್ಲಿ ನಿಲ್ಲುವುದೂ ಒಂದು ಗೆಲುವೇ. 14ನೇ ಕಿಲೋಮೀಟರಿನಲ್ಲಿ ನಿಂತು ಆಟೋ ಕರೆದವನಿಗೆ ಯಾವ ಅಧಿಕಾರಿಯನ್ನೂ ಸೋಲಿಸಿದ ಖುಷಿ ಇರುವುದಿಲ್ಲ.

ಹಾಗಾಗಿ ಸದ್ಯ ನಾನು ಹೆಚ್ಚು ಓದುತ್ತಿರುವುದು ನನ್ನದೇ ನೋಟುಪುಸ್ತಕ. ಫಿಸಿಯೋ ವಾರವಾರ “ವಲಿಕ್ಕುದಾ?” ಎಂದು ಕೇಳುತ್ತಾರೆ, ಸೊನ್ನೆಯಿಂದ ಹತ್ತರೊಳಗೆ ಅಂಕಿ ಹೇಳಬೇಕು. ಮೂರರ ಒಳಗಿದ್ದು ಮರುದಿನ ಬೆಳಿಗ್ಗೆ ಮಾಯವಾಗಿದ್ದರೆ ಓಡಬಹುದು ಎಂಬುದು ಅವರ ಲೆಕ್ಕ. ಅಂಕಿ ಅವರಿಗೆ ಸಾಕು, ನನಗೆ ಸಾಲದು. ಪಕ್ಕದಲ್ಲಿ ಕನ್ನಡದ ಪದ ಬರೆಯುತ್ತೇನೆ: ಸೆಳೆತ, ಒತ್ತು, ಚುಚ್ಚು, ಹಿಡಿತ, ಜೋಮು, ಉಳುಕು. ತಮಿಳಿನವರ ಸುಳುಕ್ಕು ನಮ್ಮ ಉಳುಕಿಗೆ ಅಕ್ಕತಂಗಿಯಂತೆ ಕೇಳಿಸುತ್ತದೆ. ಕಿಟ್ಟೆಲ್ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ 1968ರಿಂದ ನಾಲ್ಕು ಸಂಪುಟಗಳಲ್ಲಿ ತಂದದ್ದು ಇದೇ ಮದ್ರಾಸು ವಿಶ್ವವಿದ್ಯಾಲಯದಿಂದ. ಮರೀನಾ ಎದುರಿನ ಅದರ ಗೋಡೆಯ ಪಕ್ಕದಲ್ಲೇ ನಾವು ಓಡುವುದು. ಎರಡೂವರೆ ತಿಂಗಳ ನಮೂದುಗಳನ್ನು ಓದಿದರೆ ಅಂಕಿಗಳಲ್ಲಿ ಕಾಣದ ಒಂದು ಬದಲಾವಣೆ ಕಾಣುತ್ತದೆ. ‘ಚುಚ್ಚು’ ಎಂಬ ಪದ ಮೂರು ವಾರಗಳಿಂದ ಬಂದಿಲ್ಲ. ‘ಒತ್ತು’ ಇನ್ನೂ ಇದೆ, ಆದರೆ 8ರ ಬದಲು 12ನೇ ಕಿಲೋಮೀಟರಿನಲ್ಲಿ. ಬರುವ ಭಾನುವಾರ 18 ಓಡಲು ಫಿಸಿಯೋ ಒಪ್ಪಿದ್ದಾರೆ, ಮೇಲ್ಸೇತುವೆ ಬೇಡ ಎಂಬ ಷರತ್ತಿನ ಮೇಲೆ.