‘ಬಯಕೆ’ಯ ಉಳಿದರ್ಧ

ನಮ್ಮ ಕಾಸರಗೋಡಿನ ಅನೇಕ ಮನೆಗಳಲ್ಲಿ ಸೀಮಂತವನ್ನು ‘ಬಯಕೆ’ ಎಂದೇ ಕರೆಯುವ ರೂಢಿಯುಂಟು. ಅಂದು ಗರ್ಭಿಣಿಗೆ ಹೂ ಮುಡಿಸಿ, ಬಗೆಬಗೆಯ ತಿಂಡಿಗಳನ್ನು ಬಡಿಸಿ, ಅವಳ ನಾಲಗೆಯ ಆಸೆಯನ್ನು ತೀರಿಸುತ್ತೇವೆ. ಜನಪದ ಹಾಡುಗಳೂ ಅವಳು ಬಯಸುವ ಹುಳಿ ಸಿಹಿಗಳನ್ನು ಎಣಿಸಿ ಹಾಡಿವೆ. ಆದರೆ ಪತಿಯ ಸಾಮೀಪ್ಯವನ್ನು ಕುರಿತು ಅವಳ ಮನಸ್ಸಿನಲ್ಲಾಗುವ ಏರಿಳಿತವನ್ನು ಕೇಳಿದವರು ವಿರಳ. ಮನೆಮಂದಿಯೆಲ್ಲ ಓದುವ ಸ್ಮರಣ ಸಂಚಿಕೆಯಲ್ಲಿ ಈ ವಿಷಯವೇಕೆ ಎಂದು ಕೆಲವರು ಕೇಳಿಯಾರು. ಮನೆಮಂದಿಯ ವಿಷಯವಾದುದರಿಂದಲೇ ಇಲ್ಲಿ ಎತ್ತಿಕೊಂಡಿದ್ದೇವೆ.

ಕಾಳಿದಾಸನ ‘ರಘುವಂಶ’ದ 3ನೆಯ ಸರ್ಗದಲ್ಲಿ, ಲಜ್ಜೆಯಿಂದ ಬಾಯಿಬಿಡದ ಸುದಕ್ಷಿಣೆಯ ಇಷ್ಟವೇನೆಂದು ದಿಲೀಪನು ಅವಳ ಸಖಿಯರನ್ನು ಮತ್ತೆ ಮತ್ತೆ ವಿಚಾರಿಸುತ್ತಾನೆ. ಮಣ್ಣಿನ ಕಂಪು ಸೂಸುವ ಅವಳ ಮುಖವನ್ನು ಏಕಾಂತದಲ್ಲಿ ಆಘ್ರಾಣಿಸಿ ತಣಿಯದೆ ಹೋಗುತ್ತಾನೆ. ಪತಿಯ ಒಲವನ್ನು ಕವಿ ಎಷ್ಟು ನವುರಾಗಿ ಚಿತ್ರಿಸಿದ್ದಾನೆ! ಆದರೆ ಸತಿಯ ಒಲವು ಲಜ್ಜೆಯ ಮರೆಯಲ್ಲಿಯೇ ಉಳಿಯಿತು. 14ನೆಯ ಸರ್ಗದಲ್ಲಿ ರಾಮನು ಸೀತೆಯನ್ನೇ ಕೇಳುತ್ತಾನೆ. ಅವಳು ಗಂಗಾತೀರದ ತಪೋವನಗಳನ್ನು ನೋಡುವಾಸೆಯನ್ನು ಹೇಳುತ್ತಾಳೆ. ಅವಳನ್ನು ಕಾಡಿಗೆ ಬಿಡಲು ಅದೇ ನೆಪವಾಗುತ್ತದೆ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿಯೂ ಅವಳ ಬಯಕೆಯೇ ಅವಳಿಗೆ ಮುಳುವಾಗುತ್ತದೆ.

ಈ ಪ್ರಸಂಗವನ್ನು ಬೋಧಿಸಿದ ನಾವು ‘ಬಯಕೆ ಎಂದರೆ ಹುಳಿ ತಿನ್ನುವಾಸೆ’ ಎಂದು ಅರ್ಥ ಬರೆಯಿಸಿ ಪುಟ ತಿರುವಿದೆವು. ಸೀತೆ ಕೇಳಿದ್ದು ಹುಳಿಯನ್ನಲ್ಲವೆಂಬುದು ಅಂದು ನಮಗೆ ಹೊಳೆಯಲಿಲ್ಲ.

ಕಾವ್ಯ ಹೇಳದೆ ಬಿಟ್ಟುದನ್ನು ವೈದ್ಯಶಾಸ್ತ್ರವು ಸರಳವಾಗಿ ಹೇಳುತ್ತದೆ. ಮೊದಲ ಮೂರು ತಿಂಗಳ ವಾಕರಿಕೆ, ಬಳಲಿಕೆಗಳಲ್ಲಿ ಕಾಮಾಸಕ್ತಿ ಕುಗ್ಗುವುದುಂಟು. ನಡುವಣ ತಿಂಗಳುಗಳಲ್ಲಿ ಕೆಲವರಲ್ಲಿ ಅದು ಮರಳುವುದೂ ಹೆಚ್ಚುವುದೂ ಉಂಟು. ಕೊನೆಯಲ್ಲಿ ಮೈಭಾರ, ಭಯಗಳಿಂದ ಹಲವರಲ್ಲಿ ಮತ್ತೆ ಇಳಿಯುತ್ತದೆ. ಎಲ್ಲರಿಗೂ ಒಂದೇ ಕ್ರಮವಿಲ್ಲ. ತೊಡಕಿಲ್ಲದ ಬಸಿರಿನಲ್ಲಿ ದಂಪತಿಗಳ ಕೂಟದಿಂದ ಶಿಶುವಿಗೆ ಸಾಮಾನ್ಯವಾಗಿ ಹಾನಿಯಿಲ್ಲ. ರಕ್ತಸ್ರಾವವೇ ಮೊದಲಾದ ತೊಂದರೆಗಳಿದ್ದರೆ ವೈದ್ಯರ ಮಾತೇ ಪ್ರಮಾಣ. ಇದನ್ನರಿಯದೆ ಪತ್ನಿಯ ಹಿಂಜರಿಕೆಯನ್ನು ಪತಿಯು ತಿರಸ್ಕಾರವೆಂದು ತಿಳಿದರೆ, ತನ್ನ ಆಸೆಯನ್ನು ಅವಳು ಪಾಪವೆಂದು ಬಗೆದರೆ, ತೊಟ್ಟಿಲು ಕಟ್ಟುವ ಮೊದಲೇ ಮನೆಯಲ್ಲಿ ಮಾತು ನಿಂತೀತು.

ಕಾವ್ಯದ ಮಾತಿನೊಡನೆ ಅದರ ಮೌನವನ್ನೂ ಓದುವುದು ವಿಮರ್ಶೆಯ ಕರ್ತವ್ಯ. ದಿಲೀಪನು ಸಖಿಯರನ್ನು ಕೇಳಿದನು. ಇಂದಿನ ಪತಿಯು ಪತ್ನಿಯನ್ನೇ ಕೇಳಲಿ. ಅವಳು ಬೇಕೆಂದರೂ ಒಲ್ಲೆನೆಂದರೂ ಆ ಮಾತು ಅವಳಿಗೆ ಮುಳುವಾಗದಿರಲಿ.