ಒಡ್ಡೋಲಗವಿಲ್ಲದ ಪಾತ್ರಗಳು

ಕಳೆದ ಮಳೆಗಾಲದಲ್ಲಿ ಬಂಧುವೊಬ್ಬರ ಶುಶ್ರೂಷೆಗೆಂದು ನಮ್ಮ ಉಡುಪಿ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಹತ್ತು ದಿನ ಕುಳಿತಿರಬೇಕಾಯಿತು. ಹೊತ್ತು ಕಳೆಯಲು ಕೈಯಲ್ಲಿ ತ್ರಿವೇಣಿಯವರ ‘ಶರಪಂಜರ’ವಿತ್ತು. ಹಿಂದೆ ಓದಿದ್ದ ಕಾದಂಬರಿಯೇ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಓದಿದಾಗ, ಮೊದಲು ಕಾಣದಿದ್ದುದೊಂದು ಕಂಡಿತು.

ಕಾವೇರಿಯ ದುರಂತ ನಿಜವಾಗಿ ಮೊದಲಾಗುವುದು ಆಸ್ಪತ್ರೆಯೊಳಗಲ್ಲ, ಗುಣ ಹೊಂದಿ ಮನೆಗೆ ಮರಳಿದ ಮೇಲೆ. ವೈದ್ಯರು ಗುಣವಾಯಿತೆಂದರು; ಸುತ್ತಲಿನವರು ನಂಬಲಿಲ್ಲ. ಇವರಿಬ್ಬರ ನಡುವೆ ನಿಂತು ಮನೆಯವರಿಗೆ ತಿಳಿಯಹೇಳುವುದು ಯಾರ ಕೆಲಸ? ಯಾರದೂ ಅಲ್ಲ. ಆ ತೆರವಾದ ಜಾಗವನ್ನು ಕಂಡದ್ದು ಲೇಖಕಿಯ ಹಿರಿಮೆ. ಇಂದು ಅಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರೆಂಬವರು ನಿಂತಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಅಂಥವರನ್ನು ತರಬೇತುಗೊಳಿಸುತ್ತ ಬಂದಿದೆ. ಕಾದಂಬರಿ ಜಾಗವನ್ನು ಕಂಡಿತು, ವೃತ್ತಿ ಬಂದು ಅದನ್ನು ತುಂಬಿತು. ಆದರೆ ಹಾಗೆ ಬಂದು ನಿಂತವರನ್ನು ನಮ್ಮ ಸಾಹಿತ್ಯ ಕಂಡಿದೆಯೇ? ನನ್ನ ಆಕ್ಷೇಪವಿರುವುದು ಇಲ್ಲಿ.

ನಮ್ಮ ಕಥೆಗಳ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಇರುವವರು ಮೂವರೇ: ದಯಾಳುವೋ ದುರಾಸೆಯವನೋ ಆದ ಡಾಕ್ಟರು, ಬಿಳಿಯುಡುಪಿನ ನರ್ಸು, ಮಂಚದ ಮೇಲಿನ ರೋಗಿ. ಹೊರಗೆ ಕಾಲ ಹೀಗೆ ನಿಂತಿಲ್ಲ. ನರ್ಸೆಂಬ ಪಾತ್ರವೂ ಒಮ್ಮೆ ಹೊಸದೇ ಆಗಿತ್ತು. ಫ್ಲಾರೆನ್ಸ್ ನೈಟಿಂಗೇಲಳ ಶಾಲೆ ಲಂಡನ್ನಿನಲ್ಲಿ ತೆರೆದದ್ದು 1860ರಲ್ಲಿ. ಬಾಸೆಲ್ ಮಿಶನ್ನಿನವರು ಉಡುಪಿಯಲ್ಲಿ ಆಸ್ಪತ್ರೆ ತೆರೆದದ್ದು 1923ರಲ್ಲಿ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ವೈದ್ಯಕೀಯ ಕಾಲೇಜು ಕಟ್ಟಿದ ಮಣಿಪಾಲದ ಗುಡ್ಡದ ಮೇಲೆ ಇಂದು ಎರಡು ಸಾವಿರಕ್ಕೂ ಮಿಕ್ಕಿದ ಹಾಸಿಗೆಗಳ ಆಸ್ಪತ್ರೆಯಿದೆ. ಆಸ್ಪತ್ರೆ ಬೆಳೆದಂತೆ ಕೆಲಸ ಹೋಳುಹೋಳಾಗುತ್ತದೆ. ಹೋಳುಗಳ ನಡುವೆ ಸಂದು ಉಳಿಯುತ್ತದೆ. ಹೊಸ ಪಾತ್ರ ಹುಟ್ಟುವುದು ಆ ಸಂದಿನಲ್ಲಿ.

ನಾನು ಕುಳಿತ ಬೆಂಚಿನ ಎದುರಿಗೇ ಅಂಥ ಒಬ್ಬಳ ಮೇಜಿತ್ತು. ಆರೋಗ್ಯಮಿತ್ರೆ. 2010ರ ವಾಜಪೇಯಿ ಆರೋಗ್ಯಶ್ರೀ ಯೋಜನೆಯಿಂದ ನಮ್ಮ ರಾಜ್ಯದ ಆಸ್ಪತ್ರೆಗಳಿಗೆ ಬಂದ ಹೆಸರಿದು. 2018ರಲ್ಲಿ ಆಯುಷ್ಮಾನ್ ಭಾರತ್‌ - ಆರೋಗ್ಯ ಕರ್ನಾಟಕ ಬಂದ ಮೇಲೆ ಇನ್ನಷ್ಟು ಬಳಕೆಗೆ ಬಂತು. ಕಾಗದದಲ್ಲಿ ಅವಳ ಕೆಲಸ ಇಷ್ಟೆ: ರೇಶನ್ ಕಾರ್ಡು ನೋಡುವುದು, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿದೆಯೇ ಎಂದು ಪರೀಕ್ಷಿಸುವುದು, ಚಿಕಿತ್ಸೆಗೆ ಯೋಜನೆಯ ಒಪ್ಪಿಗೆ ತರಿಸುವುದು.

ಒಂದು ದಿನ ಕಾಪುವಿನಿಂದ ಮೊಗವೀರ ಅಜ್ಜನೊಬ್ಬ ಬಂದ. ಎದೆಯ ಶಸ್ತ್ರಚಿಕಿತ್ಸೆ, ತುರ್ತಿನದಲ್ಲವಾದ್ದರಿಂದ ಶಿಫಾರಸು ಪತ್ರ ಬೇಕು, ಅವನಲ್ಲಿ ಇಲ್ಲ. ದೋಣಿಯ ಪಾಲನ್ನು ಮಾರಿಬಿಡುತ್ತೇನೆಂದು ಎದ್ದು ನಿಂತ. “ಅಜ್ಜೆರೇ, ಮಾರಬೇಡಿ, ಕೂತುಕೊಳ್ಳಿ” ಎಂದು ತುಳುವಿನಲ್ಲಿ ಹೇಳಿ, ಎಲ್ಲಿಗೆ ಹೋಗಬೇಕು, ಯಾವ ಕಾಗದ ತರಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟಳು. “ಮಗಾ, ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಹೇಳಿದರಲ್ಲ, ಏನದು?” ಎಂದ ಅಜ್ಜ. ಅದನ್ನು ಹೇಳುವುದು ಅವಳ ಕೆಲಸವಲ್ಲ. ಆದರೂ ಎದ್ದು ಒಳಗೆ ಹೋಗಿ, ಕೇಳಿಕೊಂಡು ಬಂದು ವಿವರಿಸಿದಳು. ಅದೇ ಸಂಜೆ ಕಾರ್ಕಳದ ಹೆಂಗಸೊಬ್ಬಳು, ಒಪ್ಪಿಗೆ ತಡವಾದದ್ದಕ್ಕೆ ಅವಳನ್ನೇ ಬಯ್ದಳು; ಒಳಗಿನಿಂದ ಡಾಕ್ಟರೂ ಅದಕ್ಕಾಗಿಯೇ ಸಿಡುಕಿದರು. ಒಪ್ಪಿಗೆ ಕೊಡುವ ಅಧಿಕಾರ ಅವಳದಲ್ಲ. ಬಯ್ಗುಳ ಮಾತ್ರ ಅವಳದು.

ಯಕ್ಷಗಾನದಲ್ಲಿ ಪ್ರಧಾನ ವೇಷಗಳಿಗೆ ಒಡ್ಡೋಲಗವುಂಟು. ದೂತನಿಗೆ ಅದಿಲ್ಲ, ಆ ವೇಷ ಹಾಸ್ಯಗಾರನ ಪಾಲಿಗೆ ಬರುತ್ತದೆ. ಆದರೆ ದೂತನು ಬಂದು ಮಾತಾಡದೆ ಪ್ರಸಂಗ ಮುಂದೆ ಸಾಗುವುದಿಲ್ಲ. ಅರಮನೆಯ ಮಾತನ್ನು ಊರಿಗೆ, ಊರಿನ ಮಾತನ್ನು ಅರಮನೆಗೆ ತಿಳಿಸುವವನು ಅವನೇ. ನಮ್ಮ ಹಳ್ಳಿಗಾಡಿನ ಪ್ರೇಕ್ಷಕನಿಗೆ ತಿಳಿದಿರುವ ಈ ಸಂಗತಿ ನಮ್ಮ ಕಾದಂಬರಿಕಾರರಿಗೆ ಏಕೆ ತಿಳಿಯಲಿಲ್ಲ? 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದ ಆಶಾ ಕಾರ್ಯಕರ್ತೆ ಬಸುರಿಯ ಜತೆ ರಾತ್ರಿಯಲ್ಲಿ ಆಸ್ಪತ್ರೆಗೆ ಬರುತ್ತಾಳೆ. ಸರಕಾರದ ಲೆಕ್ಕದಲ್ಲಿ ಅವಳು ಸ್ವಯಂಸೇವಕಿ, ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಇದರಲ್ಲಿ ಕಥೆಯಿಲ್ಲವೆಂದು ಯಾರು ಹೇಳಬಲ್ಲರು?

ಕಾದಂಬರಿಯೆಂದರೆ ಆಸ್ಪತ್ರೆಯ ಹಾಜರಿ ಪುಸ್ತಕವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಹುದ್ದೆಗೊಂದು ಪಾತ್ರ ಇರಲೆಂದು ನಾನು ಕೇಳುತ್ತಿಲ್ಲ. ನರ್ಸನ್ನು ಕರುಣೆಯ ದೇವಿಯನ್ನಾಗಿ ಮಾಡಿ ಕೂರಿಸಿದಂತೆ ಇವರನ್ನೂ ಕೂರಿಸಿದರೆ, ಕಾಣದೆ ಇದ್ದುದೇ ಮೇಲು. ನನಗೆ ಬೇಕಾದದ್ದು ಅವಳ ದಣಿವು, ಅವಳ ಸಿಟ್ಟು, ರೋಗಿಗೆ ಧೈರ್ಯ ತುಂಬಲು ಹೇಳುವ ಸಣ್ಣ ಸುಳ್ಳು, ಅದು ಸರಿಯೇ ಎಂದು ರಾತ್ರಿ ಕಾಡುವ ಸಂಶಯ. ಹುದ್ದೆಯನ್ನು ಆಜ್ಞೆ ಸೃಷ್ಟಿಸುತ್ತದೆ. ಪಾತ್ರಕ್ಕೆ ರೂಪ ಕೊಡುವುದು ಇವೇ.

ಹತ್ತನೆಯ ದಿನ ಕಾಪುವಿನ ಅಜ್ಜ ಕಾಗದ ಹಿಡಿದು ಮರಳಿ ಬಂದ. ಮೇಜಿನಲ್ಲಿ ಬೇರೊಬ್ಬಳಿದ್ದಳು, ಹಿಂದಿನವಳ ಕರಾರು ಮುಗಿದಿತ್ತಂತೆ. ಹೊಸಬಳು ಕಾಗದವನ್ನು ಸರಿಯಾಗಿಯೇ ನೋಡಿದಳು, ಅಜ್ಜನ ಕೆಲಸವೂ ಆಯಿತು. ಆದರೆ ಅವನು ಹೋಗದೆ, ಡಾಕ್ಟರು ಹೇಳಿದ್ದನ್ನು ತಿಳಿಸುವ “ಆ ಮಗಳು” ಎಲ್ಲಿ ಎಂದು ಕೇಳುತ್ತ ನಿಂತ. ಅವಳು ಮಾಡುತ್ತಿದ್ದ ಕೆಲಸದ ಅರ್ಧ ಯಾವ ಕಡತದಲ್ಲಿಯೂ ಬರೆದಿರಲಿಲ್ಲ. ಅವಳೊಡನೆಯೇ ಅದೂ ಹೋಯಿತು. ಆ ಅರ್ಧವನ್ನು ಬರೆದಿಡುವುದು ಸಾಹಿತಿಯ ಕೆಲಸವಲ್ಲದಿದ್ದರೆ ಇನ್ನಾರದು?