ಬೇಂದ್ರೆಯವರ ಕಾವ್ಯದಲ್ಲಿ ವಿಸ್ಮಯದ ಸ್ವರೂಪ

ಬೇಂದ್ರೆಯವರ ‘ಬೆಳಗು’ ಕವನವನ್ನು ತರಗತಿಗಳಲ್ಲಿ ‘ನಿಸರ್ಗವರ್ಣನೆ’ ಎಂಬ ತಲೆಬರಹದಡಿಯಲ್ಲಿ ಬೋಧಿಸುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ವಿದ್ಯಾರ್ಥಿಯು ರೂಪಕಗಳನ್ನು ಎಣಿಸಿ, ಕವಿಯ ಸೌಂದರ್ಯದೃಷ್ಟಿಯನ್ನು ಕೊಂಡಾಡಿ ಉತ್ತರವನ್ನು ಮುಗಿಸುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲವಾದರೂ ಮುಖ್ಯವಾದುದೊಂದು ಉಳಿದುಹೋಗುತ್ತದೆ. ದಿನವೂ ಆಗುವ ಬೆಳಗು ವಿಸ್ಮಯಕ್ಕೆ ಕಾರಣವಾಗುವುದು ಹೇಗೆ? ಈ ಪ್ರಶ್ನೆಯನ್ನು ರಸತತ್ತ್ವದ ನೆಲೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಭರತನ ಮತದಂತೆ ಅದ್ಭುತರಸಕ್ಕೆ ವಿಸ್ಮಯವೇ ಸ್ಥಾಯಿ. ನಾಟ್ಯಶಾಸ್ತ್ರದ 6ನೆಯ ಅಧ್ಯಾಯದಲ್ಲಿ ಅದರ ವಿಭಾವಗಳನ್ನು ಹೇಳುವಾಗ ದಿವ್ಯಜನರ ದರ್ಶನ, ಬಯಸಿದ್ದರ ಪ್ರಾಪ್ತಿ, ಉಪವನ ದೇವಾಲಯಗಳ ಪ್ರವೇಶ, ವಿಮಾನ, ಮಾಯೆ, ಇಂದ್ರಜಾಲ ಮೊದಲಾದವುಗಳನ್ನು ಎಣಿಸಲಾಗಿದೆ. ಇವುಗಳಲ್ಲಿ ಹೆಚ್ಚಿನವು ನಿತ್ಯದ ಬದುಕಿಗೆ ಹೊರಗಿನವು. ಅನುಭಾವಗಳಾದರೋ ಸರ್ವರಿಗೂ ಪರಿಚಿತ: ಕಣ್ಣರಳುವುದು, ಎವೆಯಿಕ್ಕದೆ ನೋಡುವುದು, ರೋಮಾಂಚ, ಹರ್ಷ. ಬೇಂದ್ರೆಯವರು ಅನುಭಾವಗಳನ್ನು ಹಾಗೆಯೇ ಉಳಿಸಿಕೊಂಡು ವಿಭಾವವನ್ನು ಬದಲಿಸಿದರು. ಅವರ ಕಾವ್ಯದಲ್ಲಿ ಕಣ್ಣರಳಿಸುವುದು ವಿಮಾನವಲ್ಲ. ಹಿತ್ತಲಲ್ಲಿ ಹಾರುವ ಪಾತರಗಿತ್ತಿ, ಧಾರವಾಡದ ಶ್ರಾವಣದ ಮಳೆ, ಮನೆಯ ಮುಂದಿನ ಬೆಳಗು. 1932ರಲ್ಲಿ ಪ್ರಕಟವಾದ ‘ಗರಿ’ ಸಂಕಲನದಲ್ಲಿರುವ ‘ಬೆಳಗು’ ಕವನದಲ್ಲಿ ಮೂಡಣ ದಿಕ್ಕೇ ಒಂದು ಮನೆಯಾಗುತ್ತದೆ. ಬಾಗಿಲು ತೆರೆದೊಡನೆ ಬೆಳಕು ಹೊರಚೆಲ್ಲುತ್ತದೆ. ಕವಿಯು ಅಲೌಕಿಕವನ್ನು ಅರಸಿ ಮನೆಯನ್ನು ಬಿಟ್ಟು ಹೋಗಲಿಲ್ಲ. ಮನೆಯ ಮಾತಿನಿಂದಲೇ ಅದನ್ನು ಕರೆದನು. ಕವನದ ಕೊನೆಗೆ ಶಾಂತರಸದ ಹೆಸರು ಬರುವುದು ಗಮನಾರ್ಹ. ವಿಸ್ಮಯವು ಉದ್ವೇಗದಲ್ಲಿ ಮುಗಿಯದೆ ನೆಮ್ಮದಿಯಲ್ಲಿ ವಿಶ್ರಮಿಸುತ್ತದೆಂಬುದಕ್ಕೆ ಇದು ಕವಿಯೇ ಕೊಟ್ಟ ಸಾಕ್ಷ್ಯ.

ಇನ್ನೊಂದು ಲಕ್ಷಣವನ್ನು ವಿಮರ್ಶಕರು ಸಾಕಷ್ಟು ಲಕ್ಷಿಸಿದಂತೆ ತೋರುವುದಿಲ್ಲ. ಬೇಂದ್ರೆಯವರ ವಿಸ್ಮಯವು ಬಹುಮಟ್ಟಿಗೆ ಸಂಬೋಧನೆಯ ರೂಪದಲ್ಲಿದೆ. ‘ಬೆಳಗು’ ಒಬ್ಬ ಅಣ್ಣನನ್ನು ಕರೆದು ಹೇಳಿದ ಮಾತು. ಪಾತರಗಿತ್ತಿಯ ಕವನ ಒಬ್ಬ ಅಕ್ಕನಿಗೆ ಹಾಕಿದ ಪ್ರಶ್ನೆ. ಕಾಲವನ್ನು ಹಕ್ಕಿಯಾಗಿ ಕಂಡ ಕವನವಂತೂ ಓದುಗರೆಲ್ಲರನ್ನೂ ಕೇಳುತ್ತದೆ. ಏಕಾಂತದಲ್ಲಿ ನಿಸರ್ಗವನ್ನು ಧ್ಯಾನಿಸುವ ಪಾಶ್ಚಾತ್ಯ ರಮ್ಯಕವಿಯ ಭಂಗಿ ಇದಲ್ಲ. ಮಲೆನಾಡಿನ ಕಾಡಿನಲ್ಲಿ ಕುವೆಂಪು ಅವರು ಪಡೆದ ಆನಂದವು ಹಲವೆಡೆ ಮೌನಕ್ಕೆ ಸಮೀಪವಾದುದು; ಬೇಂದ್ರೆಯವರದು ಓಣಿಯ ಆನಂದ. ಒಬ್ಬನು ಕಂಡುದನ್ನು ನೆರೆಯವನಿಗೆ ತೋರಿಸಿದ ಹೊರತು ಅದು ಪೂರ್ಣವಾಗದು. ಲಾವಣಿ, ಬೀಸುವ ಹಾಡು ಮುಂತಾದ ಜಾನಪದದ ಮಟ್ಟುಗಳನ್ನೂ ಧಾರವಾಡದ ಆಡುಮಾತನ್ನೂ ಅವರು ಎತ್ತಿಕೊಂಡುದರ ಮರ್ಮ ಇಲ್ಲಿದೆ. ಕರೆಯುವ ಮಾತಿಗೆ ಗ್ರಂಥಸ್ಥ ಭಾಷೆ ಒದಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಅಡಿಗರ ‘ಭೂಮಿಗೀತ’ (1959) ಬಂದ ಕಾಲದಿಂದ ನವೋದಯದ ಆನಂದವನ್ನು ಸಂಶಯದಿಂದ ನೋಡುವ ದೃಷ್ಟಿಯೊಂದು ಬಲಗೊಂಡಿತು. ಬದುಕಿನ ಕ್ರೌರ್ಯವನ್ನು ಕಾಣಲಾರದವನು ಹೂವನ್ನು ಹಾಡುತ್ತಾನೆ ಎಂಬುದು ಅದರ ಸಾರ. ಕೆಲವು ಕವಿಗಳ ವಿಷಯದಲ್ಲಿ ಈ ಮಾತು ನಿಜವಿರಬಹುದು. ಬೇಂದ್ರೆಯವರ ವಿಷಯದಲ್ಲಿ ಅದು ನಿಲ್ಲಲಾರದು. ‘ನರಬಲಿ’ ಕವನಕ್ಕಾಗಿ ಅವರು ಸೆರೆಮನೆಯನ್ನು ಕಂಡರು. ಮಕ್ಕಳ ಸಾವಿನ ದುಃಖವನ್ನು ಮತ್ತೆ ಮತ್ತೆ ಉಂಡರು. ಆದರೆ ಜೀವನಚರಿತ್ರೆಯಿಂದ ಕಾವ್ಯವನ್ನು ಸಮರ್ಥಿಸುವುದು ವಿಮರ್ಶೆಯಾಗದು. ಉತ್ತರವನ್ನು ಕಾವ್ಯದಲ್ಲೇ ಹುಡುಕಬೇಕು.

ಅದು ದೊರೆಯುತ್ತದೆ. ಮಗುವಿನ ಸಾವಿನ ಸನ್ನಿವೇಶದಲ್ಲಿ ಗಂಡನು ಹೆಂಡತಿಯನ್ನು ಉದ್ದೇಶಿಸಿ ಆಡುವ ಪ್ರಸಿದ್ಧ ಕವನವೊಂದಿದೆ. ಅಲ್ಲಿಯೂ ಸಂಬೋಧನೆಯೇ, ಅಲ್ಲಿಯೂ ‘ನೋಡು’ ಎಂಬ ಧಾತುವೇ ಕೇಂದ್ರ. ಪಾತರಗಿತ್ತಿಯನ್ನು ‘ನೋಡಿದೆಯಾ’ ಎಂದು ಕೇಳಿದ ಅದೇ ಬಾಯಿ ಇಲ್ಲಿ ತನ್ನನ್ನು ನೋಡಬೇಡವೆಂದು ಬೇಡಿಕೊಳ್ಳುತ್ತದೆ. ನೋಟವು ಹಂಚಿಕೊಳ್ಳಲಾರದಷ್ಟು ಭಾರವಾದ ಗಳಿಗೆ ಅದು. ನೋಡುವುದರ ಬೆಲೆಯನ್ನು ಹೀಗೆ ಎರಡೂ ತುದಿಗಳಲ್ಲಿ ಅರಿತ ಕವಿಯ ಹರ್ಷವನ್ನು ಪಲಾಯನವೆಂದು ಕರೆಯಲಾಗದು. ಎವೆಯಿಕ್ಕದೆ ನೋಡುವುದು ಅದ್ಭುತದ ಅನುಭಾವವೆಂದು ಭರತನು ಹೇಳಿದನು. ಅದೇ ನೋಟ ಕರುಣಕ್ಕೂ ಒದಗಬಲ್ಲುದೆಂಬುದನ್ನು ಈ ಕವನ ತೋರಿಸುತ್ತದೆ. ಎರಡೂ ರಸಗಳಿಗೆ ಕಣ್ಣು ಒಂದೇ.

ಹೀಗೆಂದು ಎಲ್ಲ ಕವನಗಳೂ ಈ ಎತ್ತರದಲ್ಲಿವೆ ಎನ್ನಲಾಗದು. ಉತ್ತರಕಾಲದ ಅನೇಕ ರಚನೆಗಳಲ್ಲಿ ಶಬ್ದದ ಶ್ಲೇಷೆಯೂ ಸಂಖ್ಯೆಗಳ ರಹಸ್ಯಾರ್ಥವೂ ಮುಂದಾಗಿ, ಅಣ್ಣ ಅಕ್ಕಂದಿರು ಹಿಂದೆ ಸರಿಯುತ್ತಾರೆ. ಅಲ್ಲಿ ಕವಿಯ ಬೆರಗು ನಮಗೆ ತಿಳಿಯುತ್ತದೆ. ನಮ್ಮ ಬೆರಗು ಹುಟ್ಟುವುದಿಲ್ಲ. ಕರೆಯುವ ದನಿ ಕುಂದಿದಾಗ ವಿಸ್ಮಯವು ವೈಯಕ್ತಿಕ ಕುತೂಹಲವಾಗುತ್ತದೆಂಬುದು ಇದರಿಂದ ಸಿದ್ಧವಾಗುತ್ತದೆ. ‘ನಾಕುತಂತಿ’ಗೆ 1973ರ ಜ್ಞಾನಪೀಠ ಪ್ರಶಸ್ತಿ ಸಂದುದು ಯುಕ್ತವೇ ಆದರೂ, ಅವರ ಕಾವ್ಯದ ಬೇರು ‘ಗರಿ’ಯ ಕಾಲದ ಸರಳ ಕವನಗಳಲ್ಲಿದೆ ಎಂಬುದನ್ನು ಮರೆಯಬಾರದು.

ಇದರಿಂದ ಅಧ್ಯಾಪಕರಿಗೆ ಒಂದು ಹೊಣೆ ಒದಗುತ್ತದೆ. ‘ಬೆಳಗು’ ಕವನದಲ್ಲಿ ಅಣ್ಣನೆಂದು ಕರೆಯಲ್ಪಟ್ಟವನು ಯಾರು? ಪಾಠವನ್ನು ಕೇಳುತ್ತ ಕುಳಿತ ವಿದ್ಯಾರ್ಥಿಯೇ ಅವನು. ಅಲಂಕಾರಗಳ ಪಟ್ಟಿಯನ್ನು ಬರೆಯಿಸಿದರೆ ಆ ಕರೆ ಅವನ ಕಿವಿಗೆ ಬೀಳದು. ಸಾಧನಕೇರಿಯ ಸುತ್ತ ಇಂದು ಊರು ದಟ್ಟವಾಗಿ ಬೆಳೆದಿದೆ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು. ಬೆಳಗು ಮಾತ್ರ ಅಲ್ಲಿ ದಿನವೂ ಆಗುತ್ತಿದೆ. ಪದ್ಯವನ್ನು ಮೊದಲು ಗಟ್ಟಿಯಾಗಿ ಓದಿ, ಮರುದಿನ ನಸುಕಿನಲ್ಲಿ ಹೊರಗೆ ನಿಂತು ಬರಲು ಹೇಳಿ, ಆ ಬಳಿಕ ಅರ್ಥವನ್ನು ವಿವೇಚಿಸಿದರೆ ಪಾಠವು ಸಾರ್ಥಕವಾದೀತು.